ದೂರ ಕೊಡುವುದು ವ್ಯಾಟ್ ಅಲ್ಲ, ಸುರುಳಿ

ದನದ ಕಿವಿಗೆ ಹಾಕಿದ ಎಲೆಕ್ಟ್ರಾನಿಕ್ ಓಲೆಯನ್ನು ಓದುವ ಯಂತ್ರ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಇದು ಎಷ್ಟು ದೂರದಿಂದ ಓದುತ್ತದೆ ಎಂಬುದು. ಮಾರುವವರ ಕರಪತ್ರದಲ್ಲೂ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಅದೇ ಅಂಕಿ. ಒಂದು ಮೀಟರ್ ಎನ್ನುವ ಯಂತ್ರಕ್ಕಿಂತ ಒಂದೂವರೆ ಮೀಟರ್ ಎನ್ನುವ ಯಂತ್ರ ಮೇಲು, ದೂರ ಸಾಲದಿದ್ದರೆ ಪವರ್ ಹೆಚ್ಚಿಸಿದರಾಯಿತು ಎಂದು ನಂಬುವುದು ಸುಲಭ. ಆದರೆ ಕಡಿಮೆ ಆವರ್ತನದ ಆರ್‌ಎಫ್‌ಐಡಿ, ಎಂದರೆ ರೇಡಿಯೊ ಮೂಲಕ ಗುರುತು ಹಿಡಿಯುವ ತಂತ್ರದ ಮಟ್ಟಿಗೆ ಈ ನಂಬಿಕೆಯ ಎರಡು ಭಾಗಗಳೂ ತಪ್ಪು. ಅಲ್ಲಿ ಓದುವ ದೂರ ಯಂತ್ರವೊಂದರ ಗುಣವಲ್ಲ. ಆಂಟೆನಾ ಸುರುಳಿ, ಅದನ್ನು ನಡೆಸುವ ಡ್ರೈವರ್ ಸರ್ಕ್ಯೂಟ್, ಕಿವಿಯೋಲೆ, ಅವೆಲ್ಲ ಇರುವ ಜಾಗ, ಈ ನಾಲ್ಕೂ ಸೇರಿ ಅದನ್ನು ನಿರ್ಧರಿಸುತ್ತವೆ. ಪವರ್ ಅನ್ನು ಏಳು ಪಟ್ಟು ಮಾಡಿದರೂ ದೂರ ಒಂದೂವರೆ ಪಟ್ಟು ಆಗುವುದಿಲ್ಲ. ಕೋಲಾರದಂತಹ ಹೈನುಗಾರಿಕೆಯ ಜಿಲ್ಲೆ ಮುಂದೆ ಇಂಥ ಯಂತ್ರಗಳನ್ನು ತರಿಸಿಕೊಳ್ಳುವ ಮೊದಲು, ಅಥವಾ ಕೆಜಿಎಫ್–ಬಂಗಾರಪೇಟೆಯ ಕೈಗಳೇ ಅವನ್ನು ಕಟ್ಟಲು ಕೂರುವ ಮೊದಲು, ಈ ಲೆಕ್ಕವನ್ನು ಬಿಡಿಸಿ ನೋಡಬೇಕು.

ಈಗಿನ ಸ್ಥಿತಿ ಹೀಗಿದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ, ಕಾಮಸಮುದ್ರದ ಕಡೆ ಯಾವ ಊರಿಗೆ ಹೋದರೂ ಸೀಮೆಹಸುವಿನ ಕಿವಿಯಲ್ಲಿ ಹಳದಿ ಓಲೆ ಕಾಣುತ್ತದೆ. ಅದರ ಮೇಲೆ 12 ಅಂಕಿಗಳ ಸಂಖ್ಯೆ, ಪಕ್ಕದಲ್ಲಿ ಬಾರ್‌ಕೋಡ್. ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ತಡೆಗೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಲಸಿಕೆ ಹಾಕಿದ ದಾಖಲೆ ಈ ಸಂಖ್ಯೆಗೇ ಸೇರುತ್ತದೆ. ಈ ಓಲೆಯೊಳಗೆ ಚಿಪ್ ಇಲ್ಲ, ಸುರುಳಿ ಇಲ್ಲ; ಅಚ್ಚಾದ ಅಂಕಿಯನ್ನು ಕಣ್ಣಿಂದಲೋ ಮೊಬೈಲ್ ಕ್ಯಾಮೆರಾದಿಂದಲೋ ಓದಬೇಕು. ಎರಡು ಹಸು ಕಟ್ಟಿಕೊಂಡ ಮನೆಯ ಹಿತ್ತಲಲ್ಲಿ ಇಷ್ಟೇ ಸಾಕು, ಅಲ್ಲಿಗೆ ಎಲೆಕ್ಟ್ರಾನಿಕ್ ಓಲೆ ಬೇಕು ಎಂದು ವಾದಿಸುವುದು ದುಂದು. ಕಷ್ಟ ಬರುವುದು ದನಗಳು ಒಂದೆಡೆ ಸೇರುವಾಗ: ಲಸಿಕೆ ಶಿಬಿರದಲ್ಲಿ, ಪಶು ಆಸ್ಪತ್ರೆಯ ಮುಂದಿನ ಸಾಲಿನಲ್ಲಿ, ಶಿವರಾತ್ರಿಯ ಹೊತ್ತಿಗೆ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನಡೆಯುವಂಥ ದನಗಳ ಜಾತ್ರೆಯಲ್ಲಿ, ಚರ್ಮಗಂಟು ರೋಗದಂಥದ್ದು ಹಬ್ಬಿದಾಗ ಸಾಗಣೆ ತಡೆಯುವ ಚೆಕ್‌ಪೋಸ್ಟಿನಲ್ಲಿ. ಅಲ್ಲಿ ಒಬ್ಬೊಬ್ಬರು ಮೂಗುದಾರ ಹಿಡಿದು ತಲೆ ನಿಲ್ಲಿಸಿ, ಸಗಣಿ ಒರೆಸಿ, ಬಿಸಿಲಿಗೆ ಮಾಸಿದ ಅಂಕಿ ಓದುವಷ್ಟರಲ್ಲಿ ಹಿಂದಿನ ದನ ಹಗ್ಗ ಕಿತ್ತಿರುತ್ತದೆ. ನಡೆದು ಹೋಗುವ ದನವನ್ನು ತಾನಾಗಿ ಗುರುತಿಸುವ ದಾರಿ ಬೇಕಾಗುವುದು ಇಂಥ ಕಡೆ.

ಜಗತ್ತಿನ ಬಹುಪಾಲು ಕಡೆ ಈ ಕೆಲಸಕ್ಕೆ ಬಳಸುವುದು 134.2 ಕಿಲೋಹರ್ಟ್ಸ್. ಐಎಸ್‌ಒ 11784 ಎಂಬ ಮಾನದಂಡ ಓಲೆಯೊಳಗಿನ 64 ಬಿಟ್‌ಗಳ ಸಂಖ್ಯೆ ಹೇಗಿರಬೇಕು ಎಂದು ಹೇಳುತ್ತದೆ; ಅದರಲ್ಲಿ ದೇಶದ ಸಂಖ್ಯೆಗೂ ಜಾಗವಿದೆ, ಭಾರತದ್ದು 356. ಓಲೆ ಮತ್ತು ರೀಡರ್ ಹೇಗೆ ಮಾತಾಡಬೇಕು ಎಂಬುದು ಐಎಸ್‌ಒ 11785ರ ವಿಷಯ. ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕೋಲಾರ–ಮುಳಬಾಗಿಲು ಹೆದ್ದಾರಿಯ ಟೋಲ್‌ನಲ್ಲಿ ಫಾಸ್ಟ್ಯಾಗ್ ಹಲವು ಮೀಟರ್ ದೂರದಿಂದ ಓದುತ್ತದಲ್ಲ, ಅದನ್ನೇ ದನಕ್ಕೂ ಹಾಕಬಾರದೇಕೆ? ಫಾಸ್ಟ್ಯಾಗ್ ಕೆಲಸ ಮಾಡುವುದು 865ರಿಂದ 867 ಮೆಗಾಹರ್ಟ್ಸ್‌ನಲ್ಲಿ. ಅಷ್ಟು ಎತ್ತರದ ಆವರ್ತನದ ಅಲೆ ಉಪ್ಪುನೀರು ತುಂಬಿದ ಮಾಂಸದೊಳಗೆ ಕೆಲವೇ ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಕರಗುತ್ತದೆ. 134 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಅದೇ ಮಾಂಸ ಮೀಟರುಗಟ್ಟಲೆ ಪಾರದರ್ಶಕ. ಕಾರಿನ ಗಾಜಿನ ಹಿಂದೆ ಒಣಗಿ ಕುಳಿತ ಟ್ಯಾಗ್ ಬೇರೆ, ಮಳೆಯಲ್ಲಿ ನೆನೆದು ಪಕ್ಕದ ದನದ ಕುತ್ತಿಗೆಯ ಹಿಂದೆ ಅಡಗಿದ ಕಿವಿಯೋಲೆ ಬೇರೆ. ಸ್ಕಾಟ್ಲೆಂಡಿನಲ್ಲಿ ದನಗಳಿಗೆ ಅತಿ ಎತ್ತರದ ಆವರ್ತನದ ಓಲೆಗಳನ್ನು ಪ್ರಯೋಗಿಸಿ ನೋಡಿದ್ದಾರೆ, ಅಗಲವಾದ ಓಣಿಯಲ್ಲಿ ಗುಂಪಾಗಿ ಹೋಗುವ ದನಗಳಿಗೆ ಅದರಿಂದ ಅನುಕೂಲವೂ ಇದೆ. ಒಂದೊಂದಾಗಿ ಹಾಯುವ ಕಿರಿದಾದ ದಾರಿಗೆ ಕಡಿಮೆ ಆವರ್ತನವೇ ನಂಬಿಕಸ್ಥ. ಆವರ್ತನವನ್ನು ಕೆಲಸ ನೋಡಿ ಆರಿಸುವುದು ಕೆಜಿಎಫ್‌ಗೆ ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಮೊದಲಾದ ಗಣಿಗಳಿಗೆ ತಂದ ವಿದ್ಯುತ್ತು ಇಂದಿನ 50 ಹರ್ಟ್ಸ್‌ನದಾಗಿರಲಿಲ್ಲ, 25 ಹರ್ಟ್ಸ್‌ನದಾಗಿತ್ತು.

134.2 ಕಿಲೋಹರ್ಟ್ಸ್‌ನ ಅಲೆಯುದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಹಾಗಾಗಿ ಗೇಟಿನ ಪಕ್ಕದ ಸುರುಳಿಯಿಂದ ರೇಡಿಯೊ ಅಲೆ ಹೊರಟು ಹೋಗುತ್ತದೆ ಎಂದು ಭಾವಿಸುವುದೇ ತಪ್ಪು. ಅದರ ಸುತ್ತ ಹುಟ್ಟುವುದು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರ. ಓಲೆಯೊಳಗಿನ ಪುಟ್ಟ ಸುರುಳಿ ಟ್ರಾನ್ಸ್‌ಫಾರ್ಮರಿನ ಎರಡನೇ ಸುರುಳಿಯಂತೆ ಆ ಕ್ಷೇತ್ರದಿಂದ ಶಕ್ತಿ ಪಡೆಯುತ್ತದೆ, ಅದರಿಂದಲೇ ಎಚ್ಚರಗೊಂಡು ತನ್ನ ಸಂಖ್ಯೆ ಹೇಳುತ್ತದೆ. ಓಲೆಯಲ್ಲಿ ಬ್ಯಾಟರಿ ಇಲ್ಲ. ಈ ಕ್ಷೇತ್ರ ಸುರುಳಿಯ ಗಾತ್ರಕ್ಕಿಂತ ಆಚೆ ಹೋದಂತೆ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟರಲ್ಲಿ ಒಂದು ಪಾಲು. ಕಳೆದುಕೊಂಡದ್ದನ್ನು ಕರೆಂಟಿನಿಂದಲೇ ತುಂಬಿಕೊಳ್ಳಲು ಹೊರಟರೆ ಎಂಟು ಪಟ್ಟು ಕರೆಂಟು ಬೇಕು, ಎಂದರೆ ಅರವತ್ನಾಲ್ಕು ಪಟ್ಟು ಪವರ್. ಇನ್ನೊಂದು ದಾರಿ ಸುರುಳಿಯನ್ನೇ ದೊಡ್ಡದು ಮಾಡುವುದು. ಸುತ್ತುಗಳೂ ಕರೆಂಟೂ ಅಷ್ಟೇ ಇದ್ದಾಗ, ಸುರುಳಿಯ ನೇರ ಮುಂದೆ ಒಂದು ನಿರ್ದಿಷ್ಟ ದೂರದಲ್ಲಿ ಅತಿ ಹೆಚ್ಚು ಕ್ಷೇತ್ರ ಸಿಗುವುದು ಸುರುಳಿಯ ತ್ರಿಜ್ಯ ಆ ದೂರದ 1.41 ಪಟ್ಟು ಇದ್ದಾಗ. ಒಂದು ಮೀಟರ್ ದೂರಕ್ಕೆ ಲೆಕ್ಕದ ಪ್ರಕಾರ ಸುಮಾರು 2.8 ಮೀಟರ್ ವ್ಯಾಸದ ಸುರುಳಿ! ಅಷ್ಟು ದೊಡ್ಡದನ್ನು ಗೇಟಿಗೆ ಕಟ್ಟಲಾಗದು, ದೊಡ್ಡ ಸುರುಳಿ ಊರಿನ ವಿದ್ಯುತ್ ಗದ್ದಲವನ್ನೆಲ್ಲ ಹೀರಿಕೊಳ್ಳುತ್ತದೆ ಬೇರೆ. ಆದರೂ ಕೈಹಿಡಿಯ ಕೋಲಿನ ತುದಿಯ ಪುಟ್ಟ ಸುರುಳಿಗೆ ದೂರ ಯಾಕೆ ಸಿಗದು ಎಂಬುದು ಇಲ್ಲೇ ತಿಳಿಯುತ್ತದೆ.

ಗೇಟಿಗೆ ಹೊಂದುವ ಒಂದು ಸುರುಳಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. ವ್ಯಾಸ 80 ಸೆಂಟಿಮೀಟರ್, ಸುತ್ತು ಏಳು. ಅದರ ಇಂಡಕ್ಟೆನ್ಸ್ ಸುಮಾರು 110 ಮೈಕ್ರೋಹೆನ್ರಿ ಬರುತ್ತದೆ, ಬೇಕಾಗುವ ತಂತಿ ಹದಿನೇಳೂವರೆ ಮೀಟರ್ ಆಸುಪಾಸು. ಯಾವ ತಂತಿ ಎಂಬುದರಲ್ಲಿ ಅರ್ಧ ಕೆಲಸ ಇದೆ. ಸಾವಿರ ಅಡಿ ಆಳದ ಕೊಳವೆಬಾವಿಗಳ ಈ ಜಿಲ್ಲೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಗೆ ಬರವಿಲ್ಲ. ಗೇಜು ನೋಡಿ ತಾಮ್ರದ ಎನಾಮೆಲ್ ತಂತಿ ಸುತ್ತುವುದು, ಸುತ್ತು ಎಣಿಸುವುದು, ವಾರ್ನಿಷ್ ಹಾಕಿ ಒಣಗಿಸುವುದು ಅಲ್ಲಿನ ದಿನದ ಕಸುಬು. ಆದರೆ 50 ಹರ್ಟ್ಸ್ ಮೋಟರಿಗೆ ಸರಿಹೋಗುವ ದಪ್ಪ ತಂತಿ ಇಲ್ಲಿ ಮೋಸ ಮಾಡುತ್ತದೆ. 134 ಕಿಲೋಹರ್ಟ್ಸ್‌ನಲ್ಲಿ ಕರೆಂಟು ತಾಮ್ರದ ಮೇಲ್ಮೈಯಿಂದ 0.18 ಮಿಲಿಮೀಟರ್ ಆಸುಪಾಸಿನ ಪದರದಲ್ಲೇ ಹರಿಯುತ್ತದೆ, ಒಳಗಿನ ತಾಮ್ರ ದಂಡ. ಆದ್ದರಿಂದ ಒಂದೊಂದಕ್ಕೂ ಎನಾಮೆಲ್ ಇರುವ ಕೂದಲೆಳೆಯ ತಂತಿಗಳನ್ನು ಹೊಸೆದು ಒಂದು ಮಾಡಬೇಕು. ಇದಕ್ಕೆ ಲಿಟ್ಜ್ ವೈರ್ ಎನ್ನುತ್ತಾರೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ 42 ಗೇಜಿನ 40 ಎಳೆಗಳನ್ನು ಹೊಸೆದರೆ ಆ ಹದಿನೇಳೂವರೆ ಮೀಟರಿನ ರೋಧ 0.93 ಓಮ್‌ನ ಹತ್ತಿರ ಬರುತ್ತದೆ. ತುದಿಯಲ್ಲಿ ನಲವತ್ತು ಎಳೆಗಳ ಎನಾಮೆಲನ್ನೂ ಬಿಡಿಸಿ ಬೆಸುಗೆ ಹಾಕಬೇಕು. ಹತ್ತು ಎಳೆ ಬಿಟ್ಟುಹೋದರೆ ಕಣ್ಣಿಗೆ ಕಾಣುವುದಿಲ್ಲ, ಸುರುಳಿಯ ರೋಧ ಮಾತ್ರ ಮೂರನೇ ಒಂದರಷ್ಟು ಏರಿರುತ್ತದೆ. ಚೌಕಟ್ಟು ಪಿವಿಸಿ ಪೈಪಿನದಿರಲಿ, ಕಬ್ಬಿಣದ್ದು ಕೂಡದು.

ಈ ಸುರುಳಿಯೊಂದನ್ನೇ 134.2 ಕಿಲೋಹರ್ಟ್ಸ್‌ಗೆ ಕೊಟ್ಟರೆ ಅದು ಸುಮಾರು 93 ಓಮ್‌ನಷ್ಟು ಅಡ್ಡಿ ಒಡ್ಡುತ್ತದೆ. 12 ವೋಲ್ಟ್ ಬ್ಯಾಟರಿಗೆ ಅದರೊಳಗೆ ನುಗ್ಗಿಸಲಾಗುವ ಕರೆಂಟು ಅತ್ಯಲ್ಪ. ಅದಕ್ಕೇ ಸಾಲಿನಲ್ಲಿ ಒಂದು ಕೆಪಾಸಿಟರ್ ಸೇರಿಸಿ ಎರಡನ್ನೂ ಅದೇ ಆವರ್ತನದಲ್ಲಿ ಅನುರಣಿಸುವಂತೆ ಮಾಡುತ್ತಾರೆ. ನಮ್ಮ ಸುರುಳಿಗೆ ಬೇಕಾಗುವುದು ಸುಮಾರು 12.8 ನ್ಯಾನೋಫ್ಯಾರಡ್. ಅನುರಣನದಲ್ಲಿ ಸುರುಳಿಯ ಅಡ್ಡಿಯನ್ನು ಕೆಪಾಸಿಟರಿನ ಅಡ್ಡಿ ಅಳಿಸಿಹಾಕುತ್ತದೆ, ಉಳಿಯುವುದು ತಂತಿಯ ರೋಧ ಮಾತ್ರ. ಮಾಸ್ಫೆಟ್ ಎಂಬ ಎರಡು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸರದಿಯ ಮೇಲೆ ತೆರೆದು ಮುಚ್ಚುವ ಅರ್ಧಸೇತುವೆ ಡ್ರೈವರ್ 12 ವೋಲ್ಟಿನಿಂದ ಚೌಕ ತರಂಗ ಕೊಟ್ಟರೆ, ಅದರ ಮೂಲ ಆವರ್ತನದ ಪಾಲು 5.4 ವೋಲ್ಟ್. ಒಟ್ಟು ರೋಧ ಒಂದು ಓಮ್ ಎಂದಿಟ್ಟುಕೊಂಡರೆ ಸುರುಳಿಯಲ್ಲಿ 5.4 ಆಂಪಿಯರ್ ಓಡುತ್ತದೆ. ಆ ಹೊತ್ತಿಗೆ ಕೆಪಾಸಿಟರಿನ ಎರಡು ತುದಿಗಳ ನಡುವೆ ಏಳುವ ವೋಲ್ಟೇಜಿನ ಶಿಖರ 700! ಹನ್ನೆರಡು ವೋಲ್ಟಿನ ಬ್ಯಾಟರಿ ತಾನೇ ಎಂದು ಕೈಯಿಟ್ಟವರಿಗೆ ಪೆಟ್ಟು ತಪ್ಪದು. ಸುರುಳಿಯ ತುದಿಗಳು ದನಕ್ಕೂ ಮನುಷ್ಯರಿಗೂ ಎಟುಕದಂತೆ ಮುಚ್ಚಿರಲೇಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಾಮಾನ್ಯ ಸೆರಾಮಿಕ್ ಕೆಪಾಸಿಟರ್ ವೋಲ್ಟೇಜು, ಬಿಸಿ ಏರಿದಂತೆ ತನ್ನ ಧಾರಣಶಕ್ತಿಯನ್ನೇ ಬದಲಿಸುತ್ತದೆ, ಹಾಗಾಗಿ ಅದು ಬೇಡ. ಪಾಲಿಪ್ರೊಪಿಲೀನ್ ಫಿಲ್ಮಿನದೇ ಬೇಕು. ಅದರಲ್ಲೂ ಮೈಮೇಲೆ ಅಚ್ಚಾದ ಡಿಸಿ ವೋಲ್ಟೇಜನ್ನು ನಂಬಬಾರದು, ಆವರ್ತನ ಏರಿದಂತೆ ಅದು ತಡೆಯುವ ಎಸಿ ವೋಲ್ಟೇಜ್ ತೀರ ಕೆಳಗಿಳಿಯುತ್ತದೆ. ಹಲವನ್ನು ಸಾಲಾಗಿ, ಜೊತೆಯಾಗಿ ಜೋಡಿಸಿ ಹೊರೆ ಹಂಚುವುದೇ ಉಪಾಯ. ಮಾಸ್ಫೆಟ್‌ಗಳ ವಿಷಯದಲ್ಲಿ ಕಾಯಬೇಕಾದದ್ದು, ಎರಡೂ ಒಟ್ಟಿಗೆ ತೆರೆದಿರುವ ಕ್ಷಣ ಎಂದೂ ಬರದಂತೆ. ಒಂದು ಆವರ್ತದ ಕಾಲ 7.45 ಮೈಕ್ರೋಸೆಕೆಂಡು, ಅದರಲ್ಲಿ ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ ಸಣ್ಣ ಬಿಡುವು ಇಡದಿದ್ದರೆ ಬ್ಯಾಟರಿ ನೇರವಾಗಿ ಶಾರ್ಟ್ ಆಗಿ ಎರಡೂ ಸುಡುತ್ತವೆ.

ಹಾಗಾದರೆ 5.4 ಆಂಪಿಯರ್ ಸಿಕ್ಕಿತಲ್ಲ, ದೂರವೂ ಸಿಕ್ಕಿತು ಎನ್ನಬಹುದೆ? ಸುರುಳಿಯ ನಡುಮಧ್ಯದಲ್ಲಿ ಆಗ ಕಾಂತಕ್ಷೇತ್ರ ಮೀಟರಿಗೆ 47 ಆಂಪಿಯರ್ ಆಗಿರುತ್ತದೆ. ಐಸಿಎನ್‌ಐಆರ್‌ಪಿ ಎಂಬ ಅಂತಾರಾಷ್ಟ್ರೀಯ ಆಯೋಗ 2010ರಲ್ಲಿ ಸಾರ್ವಜನಿಕರಿಗಾಗಿ ಈ ಆವರ್ತನಕ್ಕೆ ಹೇಳಿದ ಮಟ್ಟ ಮೀಟರಿಗೆ 21 ಆಂಪಿಯರ್. ದನ ಹಿಡಿದು ಬರುವವರು, ಮಕ್ಕಳು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಓಡಾಡುವ ಜಾಗದಲ್ಲಿ ಅದರ ಎರಡು ಪಟ್ಟು ಮೀರಿದ ಕ್ಷೇತ್ರ ಹುಟ್ಟಿಸುವುದು ಸರಿಯಲ್ಲ. ಕರೆಂಟನ್ನು 2 ಆಂಪಿಯರಿಗೆ ಇಳಿಸಿದರೆ ನಡುವಿನ ಕ್ಷೇತ್ರ 17.5ಕ್ಕೆ ಬಂದು ಮಿತಿಯೊಳಗೆ ಕೂರುತ್ತದೆ. ಹೀಗೆ ಇಳಿಸಿದ್ದರಿಂದ ಕಳೆದುಕೊಂಡದ್ದೆಷ್ಟು? ಕ್ಷೇತ್ರ 2.7ರಲ್ಲಿ ಒಂದು ಪಾಲಾಯಿತು, ಘನಮೂಲದ ಲೆಕ್ಕದಲ್ಲಿ ದೂರ 1.4ರಲ್ಲಿ ಒಂದು ಪಾಲು. ಹಿಂದುಮುಂದು ಮಾಡಿ ಹೇಳಿದರೆ, ಏಳು ಪಟ್ಟು ಪವರ್ ಸುರಿದು ಗಳಿಸಬಹುದಾಗಿದ್ದದ್ದು ನೂರು ಸೆಂಟಿಮೀಟರಿಗೆ ನಲವತ್ತು ಸೆಂಟಿಮೀಟರ್. ಅಷ್ಟನ್ನು ಬೇರೆ ಕಡೆಯಿಂದ ಗಳಿಸಲು ಸಾಧ್ಯವಿರುವಾಗ ಪವರಿನ ಹಿಂದೆ ಬೀಳುವುದರಲ್ಲಿ ಅರ್ಥವಿಲ್ಲ.

ಬೇರೆ ಕಡೆ ಎಂದರೆ ಮೊದಲು ಅನುರಣನದ ಮೊನಚು. ಅದನ್ನು ಕ್ಯೂ ಎಂಬ ಅಂಕಿಯಿಂದ ಅಳೆಯುತ್ತಾರೆ. ಸುರುಳಿಯ 93 ಓಮ್ ಅನ್ನು ಅದರ ರೋಧದಿಂದ ಭಾಗಿಸಿದರೆ ಬರುವುದೇ ಕ್ಯೂ. ನಮ್ಮ ಸುರುಳಿಯದು ನೂರರ ಹತ್ತಿರ. ಪುಸ್ತಕ ಓದಿದವರು ಕ್ಯೂ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುತ್ತಾರೆ, ಮೇಜಿನ ಮೇಲೆ ಅದು ನಿಜವೂ ಹೌದು. ಈಗ ಅದೇ ಸುರುಳಿಯನ್ನು ಪಶು ಆಸ್ಪತ್ರೆಯ ಟ್ರೆವಿಸ್ ಬಳಿ ತಂದು ನಿಲ್ಲಿಸಿ. ಟ್ರೆವಿಸ್ ಎಂದರೆ ದನವನ್ನು ಅಲುಗಾಡದಂತೆ ನಿಲ್ಲಿಸಲು ನೆಲಕ್ಕೆ ನೆಟ್ಟ ಕಬ್ಬಿಣದ ಪೈಪಿನ ಚೌಕಟ್ಟು. ಕಂಬ, ಮೇಲಿನ ಅಡ್ಡಪಟ್ಟಿ, ಕೆಳಗಿನ ಅಡ್ಡಪಟ್ಟಿ ವೆಲ್ಡಿಂಗ್‌ನಿಂದ ಸೇರಿ ಮುಚ್ಚಿದ ಉಂಗುರವಾಗಿರುತ್ತವೆ. ಸುರುಳಿಯ ಕಾಂತಕ್ಷೇತ್ರ ಆ ಉಂಗುರದಲ್ಲಿ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಎದುರು ಕ್ಷೇತ್ರ ಹುಟ್ಟಿಸುತ್ತದೆ. ಸುರುಳಿಯ ಇಂಡಕ್ಟೆನ್ಸ್ ಇಳಿದು ಅನುರಣನ ಜಾರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕೆಪಾಸಿಟರೂ ಒಂದಿಷ್ಟು ಜಾರುತ್ತದೆ. ಎಲ್ಲ ಸೇರಿ ಶೇಕಡ ಒಂದರಷ್ಟು ಜಾರಿತು ಎಂದಿಟ್ಟುಕೊಳ್ಳಿ. ಕ್ಯೂ ನೂರು ಇರುವ, 2 ಆಂಪಿಯರಿಗೆ ಹೊಂದಿಸಿದ ಸುರುಳಿಯಲ್ಲಿ ಕರೆಂಟು 0.9ಕ್ಕೆ ಕುಸಿಯುತ್ತದೆ. ಅದೇ ಸುರುಳಿಗೆ ಬೇಕೆಂದೇ ಒಂದೂಮುಕ್ಕಾಲು ಓಮ್‌ನ ರೋಧ ಸೇರಿಸಿ ಕ್ಯೂವನ್ನು 34ಕ್ಕೆ ಇಳಿಸಿ, 2 ಆಂಪಿಯರಿಗೇ ಹೊಂದಿಸಿದರೆ ಅಷ್ಟೇ ಜಾರಿಕೆಗೆ ಅದು 1.65ರಲ್ಲಿ ನಿಲ್ಲುತ್ತದೆ. ಮೊದಲನೆಯದು ನಾಲ್ಕು ವ್ಯಾಟ್ ತಿಂದರೆ ಎರಡನೆಯದು ಹನ್ನೊಂದು ತಿನ್ನುತ್ತದೆ. ಹೆಚ್ಚಿನ ಏಳು ವ್ಯಾಟ್ ರೋಧದಲ್ಲಿ ಬಿಸಿಯಾಗಿ ಹೋಗುತ್ತದೆ ನಿಜ. ಆದರೆ ಆ ಬಿಸಿಯಿಂದ ಕೊಂಡದ್ದು ಬೆಳಗಿನಿಂದ ಸಂಜೆಯವರೆಗೆ ಒಂದೇ ರೀತಿ ಓದುವ ಯಂತ್ರ. ಕರಪತ್ರದ ದೂರಕ್ಕೂ ದಿನವಿಡೀ ಸಿಗುವ ದೂರಕ್ಕೂ ಇರುವ ಅಂತರ ಇಂಥಲ್ಲೇ ಹುಟ್ಟುತ್ತದೆ. ಟ್ರೆವಿಸ್‌ನ ಪೈಪಿನ ಉಂಗುರವನ್ನು ಒಂದು ಕಡೆ ಕತ್ತರಿಸಿ ನೈಲಾನ್ ಜೋಡಣೆ ಹಾಕಿಸಿದರೆ, ಸುರುಳಿಯನ್ನು ಕಬ್ಬಿಣದಿಂದ ಒಂದಡಿಯಾದರೂ ಸರಿಸಿ ಇಟ್ಟರೆ, ಇನ್ನೂ ಲಾಭ. ವೆಲ್ಡರಿಗೆ ಅದು ಅರ್ಧ ಗಂಟೆಯ ಕೆಲಸ.

ಕ್ಯೂ ಇಳಿಸಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮಾನದಂಡದಲ್ಲಿ ಎರಡು ಬಗೆಯ ಓಲೆಗಳಿಗೆ ಜಾಗವಿದೆ. ಎಫ್‌ಡಿಎಕ್ಸ್-ಬಿ ಬಗೆಯದು ರೀಡರಿನ ಕ್ಷೇತ್ರ ಇರುವಾಗಲೇ, ಅದರಿಂದ ತಾನು ಎಳೆದುಕೊಳ್ಳುವ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುತ್ತ ಉತ್ತರಿಸುತ್ತದೆ. ಎಚ್‌ಡಿಎಕ್ಸ್ ಬಗೆಯದು ಮೊದಲು 50 ಮಿಲಿಸೆಕೆಂಡು ಕ್ಷೇತ್ರದಿಂದ ತನ್ನ ಕೆಪಾಸಿಟರ್ ತುಂಬಿಕೊಂಡು, ರೀಡರ್ ಕ್ಷೇತ್ರ ನಿಲ್ಲಿಸಿದ ಮೇಲೆ ತಾನೇ ಮಾತಾಡುತ್ತದೆ, 124.2 ಮತ್ತು 134.2 ಕಿಲೋಹರ್ಟ್ಸ್ ಎಂಬ ಎರಡು ಸ್ವರಗಳಲ್ಲಿ. ಮೊದಲ ಬಗೆಯಲ್ಲಿ ಉತ್ತರದ ಬಲ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಘನದ ಲೆಕ್ಕದಲ್ಲಿ ಕುಗ್ಗಿ ದೂರದ ಆರನೇ ಘಾತಕ್ಕೆ ಬೀಳುತ್ತದೆ; ಅದೂ ರೀಡರಿನದೇ ಅಬ್ಬರದ ನಡುವೆ ಕೇಳಿಸಬೇಕು. ಎರಡನೆಯದರಲ್ಲಿ ಬರುವ ದಾರಿಯ ಕುಗ್ಗುವಿಕೆ ಮಾತ್ರ ಉಳಿಯುತ್ತದೆ. ದೂರ ಬೇಕೆನ್ನುವವರಿಗೆ ಎಚ್‌ಡಿಎಕ್ಸ್ ಮೇಲು ಎಂದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಒಂದು ಷರತ್ತು. ಕ್ಷೇತ್ರ ನಿಂತ ಒಂದೆರಡು ಮಿಲಿಸೆಕೆಂಡಿನಲ್ಲೇ ಓಲೆ ಮಾತು ಶುರುಮಾಡುತ್ತದೆ, ಸುಮಾರು 14 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಕ್ಯೂ ಹೆಚ್ಚಿರುವ ಸುರುಳಿ ದೇವಸ್ಥಾನದ ಗಂಟೆಯಂತೆ: ಬಡಿಯುವುದು ನಿಲ್ಲಿಸಿದರೂ ನಾದ ನಿಲ್ಲುವುದಿಲ್ಲ, ಆ ನಾದದಲ್ಲಿ ಪಕ್ಕದವರ ಪಿಸುಮಾತು ಕೇಳುವುದಿಲ್ಲ. ಇನ್ನೂರೈವತ್ತು ವೋಲ್ಟಿನಿಂದ ಮೈಕ್ರೋವೋಲ್ಟ್ ಮಟ್ಟಕ್ಕೆ ಅಡಗಲು ಕ್ಯೂ ನೂರರ ಸುರುಳಿಗೆ ಐದು ಮಿಲಿಸೆಕೆಂಡಿನ ಹತ್ತಿರ ಬೇಕು, ಅಷ್ಟರಲ್ಲಿ ಓಲೆಯ ಮೊದಲ ಮಾತುಗಳು ಮುಳುಗಿ ಹೋಗಿರುತ್ತವೆ. ಕ್ಯೂ 34ರ ಸುರುಳಿ 1.6 ಮಿಲಿಸೆಕೆಂಡಿನಲ್ಲಿ ಸುಮ್ಮನಾಗುತ್ತದೆ. ಡ್ರೈವರಿನಲ್ಲಿ ಇನ್ನೊಂದು ಮಾಸ್ಫೆಟ್ ಇಟ್ಟು, ಕ್ಷೇತ್ರ ನಿಂತ ಕೂಡಲೇ ಸುರುಳಿಯ ಶಕ್ತಿಯನ್ನು ರೋಧಕ್ಕೆ ಸುರಿದರೆ ಇನ್ನೂ ಬೇಗ. ಕೇಳಿಸಿಕೊಳ್ಳುವುದಕ್ಕೆ ಬೇರೆಯದೇ ಸುರುಳಿ ಇಡುವುದು ಎಲ್ಲಕ್ಕಿಂತ ಒಳ್ಳೆಯದು.

ಹೀಗೆ ರೀಡರ್ ತಾನು ಸುಮ್ಮನಾದರೂ ಸುತ್ತಲಿನ ಜಾಗ ಸುಮ್ಮನಿರಬೇಕಲ್ಲ. ಅಗ್ಗದ ಚಾರ್ಜರು, ಅಡಾಪ್ಟರುಗಳಲ್ಲಿ ಬಹಳಷ್ಟು ಸೆಕೆಂಡಿಗೆ 65 ಸಾವಿರ ಬಾರಿಯ ಆಸುಪಾಸಿನಲ್ಲಿ ಆನ್-ಆಫ್ ಆಗುತ್ತವೆ. ಅದರ ಎರಡನೇ ಹರಾತ್ಮಕ 130 ಕಿಲೋಹರ್ಟ್ಸ್: ಓಲೆಯ ಎರಡು ಸ್ವರಗಳ ನಟ್ಟನಡುವೆ. ಎಲ್‌ಇಡಿ ದೀಪಗಳು, ಮೋಟರಿನ ವೇಗ ಬದಲಿಸುವ ಡ್ರೈವ್‌ಗಳು ಇದಕ್ಕೆ ದನಿಗೂಡಿಸುತ್ತವೆ. ರೀಡರಿಗೆ ಕರೆಂಟು ಕೊಡುವ ಅಡಾಪ್ಟರೇ ಅದರ ಕಿವಿ ಕಿವುಡಾಗಿಸುವುದು ಅಪರೂಪವಲ್ಲ. ಬ್ಯಾಟರಿಯಿಂದ ನಡೆಸುವುದು ಇದಕ್ಕೆ ಸರಳ ಪರಿಹಾರ. ಯುಪಿಎಸ್‌ನಲ್ಲಿರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇದೆ. ನಮ್ಮ ಡ್ರೈವರ್ 50 ಮಿಲಿಸೆಕೆಂಡು ನಡೆದು 20 ಮಿಲಿಸೆಕೆಂಡು ಬಿಡುವುದರಿಂದ ಸರಾಸರಿ ಎಂಟು ವ್ಯಾಟ್ ಬೇಕು. ಬ್ಯಾಟರಿಯನ್ನು ಪೂರ್ತಿ ಹಿಂಡದೆ ಬಳಸಿದರೂ ಒಂದು ಬೆಳಗಿನ ಶಿಬಿರ ಮುಗಿಯುತ್ತದೆ, ಕರೆಂಟು ಹೋದರೂ ಕೆಲಸ ನಿಲ್ಲದು. ಗದ್ದಲ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ದುಬಾರಿ ಉಪಕರಣ ಬೇಡ, ಮೀಡಿಯಂ ವೇವ್ ಇರುವ ಕೈರೇಡಿಯೊ ಸಾಕು. ಕೊಳಕು ಅಡಾಪ್ಟರಿನ ಹತ್ತಿರ ತಂದರೆ ಅದು ಗರಗರ ಅನ್ನುತ್ತದೆ. ಹೋಗಲಾಡಿಸಲಾಗದ ಗದ್ದಲಕ್ಕೆ ಕೇಳುವ ಸುರುಳಿಯನ್ನು ಇಂಗ್ಲಿಷಿನ 8ರ ತರಹ, ಎರಡು ಕುಣಿಕೆ ಒಂದಕ್ಕೊಂದು ಎದುರು ಸುತ್ತಿಗೆ ಬರುವಂತೆ ಸುತ್ತುತ್ತಾರೆ. ದೂರದಿಂದ ಬರುವ ಗದ್ದಲ ಎರಡೂ ಕುಣಿಕೆಗಳಲ್ಲಿ ಸಮನಾಗಿ ಹುಟ್ಟಿ ಒಂದನ್ನೊಂದು ಅಳಿಸುತ್ತದೆ, ಹತ್ತಿರದ ಓಲೆ ಯಾವುದಾದರೂ ಒಂದು ಕುಣಿಕೆಗೆ ಹೆಚ್ಚು ಕೇಳಿಸುತ್ತದೆ. ಒಂದು ವ್ಯಾಟ್ ಹೆಚ್ಚಿಸದೆ ದೂರ ಗಳಿಸುವ ವಿದ್ಯೆ ಇದು.

ಇಷ್ಟು ಹೇಳಿದ ಮೇಲೂ, ದೂರ ಹೆಚ್ಚಿದ್ದಷ್ಟು ಒಳ್ಳೆಯದೇ ಎಂಬ ಮಾತು ಉಳಿಯುತ್ತದೆ. ಅದನ್ನೂ ಒಪ್ಪಲಾಗದು. ಈ ಮಾನದಂಡದ ಓಲೆಗಳಿಗೆ ಸರದಿಯ ಮೇಲೆ ಮಾತಾಡುವ ಏರ್ಪಾಡು ಇಲ್ಲ. ಕ್ಷೇತ್ರದೊಳಗೆ ಎರಡು ಓಲೆ ಇದ್ದರೆ ಎರಡೂ ಒಟ್ಟಿಗೆ ಮಾತಾಡುತ್ತವೆ. ಒಂದೋ ಯಾವುದೂ ಕೇಳಿಸುವುದಿಲ್ಲ, ಇಲ್ಲವೇ ಜೋರಾಗಿರುವುದು ಮಾತ್ರ ಕೇಳಿಸುತ್ತದೆ. ಎರಡು ಮೀಟರ್ ಓದುವ ರೀಡರ್ ಸಾಲಿನಲ್ಲಿ ಹಿಂದೆ ನಿಂತ ದನದ ಓಲೆಯನ್ನೂ ಎಬ್ಬಿಸಿ ಮುಂದಿನದರ ಲೆಕ್ಕ ಕೆಡಿಸುತ್ತದೆ, ಲಸಿಕೆ ಹಾಕಿಸಿಕೊಂಡದ್ದು ಒಂದು ಹಸು, ದಾಖಲೆಗೆ ಸೇರಿದ್ದು ಇನ್ನೊಂದು ಎಂದಾಗುತ್ತದೆ. ಬೇಕಾದದ್ದು ಗೇಟಿನ ಅಗಲವನ್ನು ಪೂರ್ತಿ ತುಂಬಿ ಅದರಾಚೆ ಬೇಗ ಸಾಯುವ ಕ್ಷೇತ್ರ. ಬಾಧೆ ಎಂದುಕೊಂಡ ಘನದ ನಿಯಮ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಹಾಗೆ ತುಂಬುವುದರಲ್ಲೂ ಒಂದು ತೊಡಕು ಇದೆ: ಓಲೆಯ ಸುರುಳಿ ಕ್ಷೇತ್ರದ ಗೆರೆಗಳಿಗೆ ಎದುರಾಗಿ ನಿಂತಾಗ ಚೆನ್ನಾಗಿ ಓದುತ್ತದೆ, ಗೆರೆಗಳಿಗೆ ಅಂಚು ತೋರಿದಾಗ ಅಂಗೈ ದೂರದಲ್ಲೂ ಓದುವುದಿಲ್ಲ. ದನ ಕಿವಿಯನ್ನು ಬೇಕಾದ ಹಾಗೆ ಆಡಿಸುತ್ತದೆ. ಒಂದಕ್ಕೊಂದು ಲಂಬವಾಗಿ ಎರಡು ಸುರುಳಿ ಇಟ್ಟು, ಒಂದಾದ ಮೇಲೆ ಒಂದನ್ನು ನಡೆಸಿದರೆ ಈ ಕುರುಡು ದಿಕ್ಕು ಬಹುಮಟ್ಟಿಗೆ ತುಂಬುತ್ತದೆ. ಸಮಯಕ್ಕೆ ಕೊರತೆಯಿಲ್ಲ. ಒಂದು ಪ್ರಯತ್ನಕ್ಕೆ 70 ಮಿಲಿಸೆಕೆಂಡು, ಎಂದರೆ ಸೆಕೆಂಡಿಗೆ ಹದಿನಾಲ್ಕು ಪ್ರಯತ್ನ. ಬಿರುಸಾಗಿ ನಡೆಯುವ ದನವೂ ಒಂದು ಮೀಟರ್ ಹಾಯುವಷ್ಟರಲ್ಲಿ ಒಂಬತ್ತು ಅವಕಾಶ ಕೊಡುತ್ತದೆ.

ಇದೆಲ್ಲ ಯಾಕೆ, ಆಸ್ಟ್ರೇಲಿಯಾದವರು ದೇಶದ ದನಗಳಿಗೆಲ್ಲ ಕಡಿಮೆ ಆವರ್ತನದ ಓಲೆ ಹಾಕಿ ಸಂತೆಕಟ್ಟೆಗಳಲ್ಲಿ ಪ್ಯಾನೆಲ್ ರೀಡರ್ ನಿಲ್ಲಿಸಿದ್ದಾರೆ, ಅದನ್ನೇ ತರಿಸಿದರಾಯಿತು ಎನ್ನುವವರಿದ್ದಾರೆ. ತರಿಸಲು ಅಡ್ಡಿಯಿಲ್ಲ, ಅಲ್ಲಿನ ಅನುಭವ ದೊಡ್ಡದು. ಆದರೆ ಅಲ್ಲಿನ ಓಣಿ, ಕಬ್ಬಿಣ, ವಿದ್ಯುತ್ ಗದ್ದಲಕ್ಕೆ ಹೊಂದಿಸಿದ ಸುರುಳಿಯನ್ನು ಬಂಗಾರಪೇಟೆಯ ಟ್ರೆವಿಸ್‌ಗೆ ಮತ್ತೆ ಹೊಂದಿಸಲೇಬೇಕು, ಹೊಂದಿಸಲು ಗೊತ್ತಿರುವವರು ಹತ್ತಿರದಲ್ಲಿ ಇರಬೇಕು. ಇಲ್ಲದಿದ್ದರೆ ಮೊದಲ ಮಳೆಗಾಲದ ನಂತರ ಅದು ಮೂಲೆ ಸೇರುತ್ತದೆ. ಕೆಜಿಎಫ್‌ನಲ್ಲಿ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಆದರೆ ಯಂತ್ರ ಕೆಲಸದ ಕೈಗಳು ಅಲ್ಲಿ ಉಳಿದಿವೆ. ಬಿಇಎಂಎಲ್ ಕಾರ್ಖಾನೆ ಇದೆ, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿದ್ದಾರೆ, ರಿವೈಂಡಿಂಗ್ ಅಂಗಡಿಗಳಿವೆ. ಲಿಟ್ಜ್ ವೈರ್, ಪಿವಿಸಿ ಪೈಪು, ಫಿಲ್ಮ್ ಕೆಪಾಸಿಟರು, ಮಾಸ್ಫೆಟ್ಟು, ಒಂದು ಆಸಿಲೋಸ್ಕೋಪು, ಇವಿಷ್ಟರಲ್ಲಿ ನಡೆಯುವ ಈ ಕೆಲಸ ಅವರ ಕೈಗೆ ಮೀರಿದ್ದಲ್ಲ. ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಇದನ್ನು ಎತ್ತಿಕೊಂಡರೆ ಕಾಂತಕ್ಷೇತ್ರದ ಪಾಠ, ಅನುರಣನದ ಪಾಠ, ರಿಸೀವರಿನ ಪಾಠ ಒಂದೇ ಕಡೆ ಸಿಗುತ್ತವೆ, ಊರಿಗೆ ಬೇಕಾದ ವಸ್ತುವೂ ಸಿಗುತ್ತದೆ. ರೇಡಿಯೊ ಉಪಕರಣಗಳಿಗಿರುವ ಕೇಂದ್ರ ಸರ್ಕಾರದ ನಿಯಮಗಳನ್ನು ಮಾತ್ರ ಮೊದಲೇ ಓದಿಕೊಳ್ಳಬೇಕು.

ಕೊಳ್ಳಲಿ, ಕಟ್ಟಲಿ, ಪರೀಕ್ಷೆ ಮಾತ್ರ ಬಳಸುವ ಜಾಗದಲ್ಲೇ ನಡೆಯಬೇಕು. ರೀಡರನ್ನು ಟ್ರೆವಿಸ್‌ಗೆ ಕಟ್ಟಿ, ಬ್ಯಾಟರಿ ಜೋಡಿಸಿ, ಆಸ್ಪತ್ರೆಯ ದೀಪ ಫ್ಯಾನು ಎಲ್ಲ ಹಾಕಿ, ನಡುಹಗಲಿನ ಬಿಸಿಲಿನಲ್ಲಿ ನಿಲ್ಲಿಸಬೇಕು. ಒಣ ಕೋಲಿನ ತುದಿಗೆ ಓಲೆ ಸಿಕ್ಕಿಸಿ, ಗೇಟಿನ ಅಗಲದ ಉದ್ದಕ್ಕೂ, ದನದ ಕಿವಿ ಬರುವ ಎತ್ತರದಲ್ಲಿ, ಮೂರು ದಿಕ್ಕಿಗೆ ತಿರುಗಿಸಿ ಹಾಯಿಸಬೇಕು. ಒಂದೊಂದು ದಿಕ್ಕಿನಲ್ಲಿ ನೂರು ಸಲ ಹಾಯಿಸಿದರೆ ಎಷ್ಟು ಸಲ ಓದಿತು ಎಂದು ಬರೆದಿಡಬೇಕು. ಆಮೇಲೆ ಎರಡನೇ ಓಲೆಯನ್ನು ಒಂದೂವರೆ ಮೀಟರ್ ಹಿಂದೆ ತೂಗುಹಾಕಿ ಮತ್ತೆ ನೂರು ಸಲ ಹಾಯಿಸಿ, ತಪ್ಪು ಸಂಖ್ಯೆ ಎಷ್ಟು ಬಂತು ನೋಡಬೇಕು. ಬೇರೆ ಬೇರೆ ತಯಾರಕರ ಓಲೆಗಳು ಎಚ್ಚರಗೊಳ್ಳಲು ಬೇರೆ ಬೇರೆ ಬಲದ ಕ್ಷೇತ್ರ ಕೇಳುತ್ತವೆ, ಹಾಗಾಗಿ ಕಡೇಪಕ್ಷ ಎರಡು ಮೂರು ಬಗೆಯ ಓಲೆಗಳಿಂದ ಇದನ್ನು ಮಾಡಬೇಕು. ಈ ಅಂಕಿಗಳನ್ನು ಕೊಡಲು ಒಪ್ಪುವ ಮಾರಾಟಗಾರರ ಜೊತೆ ಮಾತ್ರ ಬೆಲೆಯ ಮಾತು ಶುರುವಾಗಲಿ.